ಕೊನೆಯ ಮಾತು ಯಾರದು?

ಪ್ರಶ್ನೆ: ಕ್ರಿಸ್ತ ಒಬ್ಬನೇ, ಬೈಬಲ್ಲೂ ಒಂದೇ. ಹಾಗಿದ್ದೂ ಕ್ಯಾಥೊಲಿಕ್, ಆರ್ಥೊಡಾಕ್ಸ್, ಲೂಥರನ್, ಬ್ಯಾಪ್ಟಿಸ್ಟ್, ಮೆಥಡಿಸ್ಟ್, ಪೆಂಟೆಕೋಸ್ಟಲ್ ಅಂತ ಲೆಕ್ಕವಿಲ್ಲದಷ್ಟು ಪಂಗಡಗಳು. ನನ್ನ ಜೊತೆ ಕೆಲಸ ಮಾಡುವ ಇಬ್ಬರು ಕ್ರೈಸ್ತರು ಒಬ್ಬರ ಚರ್ಚಿಗೆ ಇನ್ನೊಬ್ಬರು ಹೋಗುವುದಿಲ್ಲ. ಕೇಳಿದರೆ ‘ಅವರದು ಬೇರೆ, ನಮ್ಮದು ಬೇರೆ’ ಅನ್ನುತ್ತಾರೆ, ಅಷ್ಟೇ. ಏನು ಬೇರೆ? ಇಷ್ಟೊಂದು ಒಡೆದದ್ದು ಯಾಕೆ?

ಉತ್ತರ: ಬೈಬಲ್ ಒಂದೇ ಅಂದಿರಲ್ಲ, ಅಲ್ಲಿಂದಲೇ ಶುರು ಮಾಡೋಣ. ಅದೂ ಒಂದೇ ಅಲ್ಲ. ಪ್ರೊಟೆಸ್ಟಂಟರ, ಅಂದರೆ ಲೂಥರನ್, ಬ್ಯಾಪ್ಟಿಸ್ಟ್ ಮುಂತಾದವರ, ಬೈಬಲ್ಲಿನಲ್ಲಿ 66 ಪುಸ್ತಕಗಳಿವೆ. ಕ್ಯಾಥೊಲಿಕರದ್ದರಲ್ಲಿ 73. ಇಥಿಯೋಪಿಯಾದ ಆರ್ಥೊಡಾಕ್ಸ್ ಸಭೆಯವರು (ಸಭೆ ಅಂದರೆ ಇಲ್ಲಿ ಚರ್ಚು) 81 ಎಂದು ಎಣಿಸುತ್ತಾರೆ. ವ್ಯತ್ಯಾಸ ಇರುವುದು ಮುಖ್ಯವಾಗಿ ಹಳೆಯ ಒಡಂಬಡಿಕೆಯಲ್ಲಿ. ಯಾವ ಪುಸ್ತಕ ಒಳಗೆ ಬರಬೇಕು, ಯಾವುದು ಹೊರಗೆ ಉಳಿಯಬೇಕು ಅಂತ ಹೇಳುವ ಅಧಿಕಾರ ಯಾರಿಗಿದೆ? ನಿಮ್ಮ ಪ್ರಶ್ನೆಯ ಬೇರು ಇಲ್ಲೇ ಇದೆ. ಇಬ್ಬರು ಒಪ್ಪದೇ ಹೋದಾಗ ಕೊನೆಯ ಮಾತು ಯಾರದು? ಎರಡು ಸಾವಿರ ವರ್ಷಗಳಲ್ಲಿ ಕ್ರೈಸ್ತರು ಈ ಒಂದು ಪ್ರಶ್ನೆಗೆ ಬೇರೆ ಬೇರೆ ಉತ್ತರ ಕೊಟ್ಟಿದ್ದಾರೆ. ಒಂದೊಂದು ಉತ್ತರದ ಸುತ್ತ ಒಂದೊಂದು ಪಂಗಡ ಬೆಳೆದಿದೆ. ಭಾಷೆ, ದೊರೆಗಳು, ದುಡ್ಡು, ಬಣ್ಣ ಎಲ್ಲವೂ ಸೇರಿಕೊಂಡಿವೆ, ಅದನ್ನೂ ಹೇಳುತ್ತೇನೆ. ಆದರೆ ಎಲ್ಲದರ ಕೆಳಗೆ ಇದೇ ಪ್ರಶ್ನೆ ಇದೆ ಅಂತ ನನಗನ್ನಿಸುತ್ತದೆ.

ಯೇಸು ಏನನ್ನೂ ಬರೆದಿಡಲಿಲ್ಲ. ಶಿಷ್ಯರನ್ನು ಬಿಟ್ಟುಹೋದರು. ಮೊದಲ ದೊಡ್ಡ ಜಗಳ ಸುಮಾರು ಕ್ರಿ.ಶ. 50ರ ಹೊತ್ತಿಗೇ ಬಂತು. ಯೆಹೂದ್ಯರಲ್ಲದವರು ಕ್ರಿಸ್ತನನ್ನು ನಂಬಿದರೆ ಸುನ್ನತಿ ಮಾಡಿಸಿಕೊಳ್ಳಬೇಕಾ, ಬೇಡವಾ? ಯೆಹೂದ್ಯರಲ್ಲದವರಿಗೆ ಬೋಧಿಸುತ್ತಿದ್ದ ಪೌಲ ಬೇಡ ಅಂದರು, ಕೆಲವರು ಬೇಕೇ ಬೇಕು ಅಂದರು. ಯೆರೂಸಲೇಮಿನಲ್ಲಿ ಕೂತು ಮಾತಾಡಿ, ಆ ಭಾರ ಬೇಡ ಎಂದು ತೀರ್ಮಾನ ಮಾಡಿದರು. ಅವತ್ತು ಒಡೆಯಲಿಲ್ಲ. ಯೇಸುವನ್ನು ಕಣ್ಣಾರೆ ಕಂಡವರು ಇನ್ನೂ ಬದುಕಿದ್ದರು, ಅವರ ಮಾತಿಗೆ ತೂಕವಿತ್ತು. ಆದರೂ ಕೆಲವೇ ವರ್ಷಗಳಲ್ಲಿ ಕೊರಿಂಥದ ಸಭೆಯಲ್ಲಿ ಒಬ್ಬರು ನಾನು ಪೌಲನ ಕಡೆ, ಇನ್ನೊಬ್ಬರು ನಾನು ಅಪೊಲ್ಲೋಸನ ಕಡೆ, ಮತ್ತೊಬ್ಬರು ನಾನು ಕೇಫನ, ಅಂದರೆ ಯೇಸುವಿನ ಶಿಷ್ಯ ಪೇತ್ರನ ಕಡೆ ಅನ್ನತೊಡಗಿದ್ದರು. ಕ್ರಿಸ್ತನನ್ನೇ ಪಾಲು ಮಾಡಿಬಿಟ್ಟಿರಾ ಅಂತ ಪೌಲ ಅವರಿಗೆ ಬರೆದ ಪತ್ರದಲ್ಲಿ ನೊಂದು ಕೇಳುತ್ತಾರೆ. ಅಂದರೆ ಮೊದಲು ಎಲ್ಲರೂ ಒಂದಾಗಿದ್ದರು, ಆಮೇಲೆ ಕೆಟ್ಟರು ಅನ್ನುವ ಕಥೆ ಪೂರ್ತಿ ನಿಜವಲ್ಲ. ಎಳೆತ ಮೊದಲಿನಿಂದಲೂ ಇತ್ತು.

ಕಂಡವರು ತೀರಿಕೊಂಡ ಮೇಲೆ ಆ ಜಾಗಕ್ಕೆ ಬಿಷಪ್‌ಗಳು ಬಂದರು. ಭಿನ್ನಾಭಿಪ್ರಾಯ ಎದ್ದಾಗ ಅವರು ಸೇರಿ ಮಾತಾಡುತ್ತಿದ್ದರು. 4ನೇ ಶತಮಾನದ ಆರಂಭದಲ್ಲಿ ಅಲೆಕ್ಸಾಂಡ್ರಿಯಾದ ಆರಿಯಸ್ ಎಂಬ ಪಾದ್ರಿ, ಮಗನೂ, ಅಂದರೆ ಕ್ರಿಸ್ತನೂ, ತಂದೆಯಾದ ದೇವರು ಸೃಷ್ಟಿಸಿದವನೇ, ಮಗನಿಲ್ಲದ ಹೊತ್ತು ಒಂದಿತ್ತು ಎಂದು ಬೋಧಿಸತೊಡಗಿದರು. ಜಗಳ ಊರಿಂದೂರಿಗೆ ಹಬ್ಬಿತು. ಚಕ್ರವರ್ತಿ ಕಾನ್‌ಸ್ಟಂಟೈನ್‌ಗೆ ತನ್ನ ಸಾಮ್ರಾಜ್ಯ ಒಂದಾಗಿರಬೇಕಿತ್ತು. 325ರಲ್ಲಿ ನೈಸಿಯಾದಲ್ಲಿ ಬಿಷಪ್‌ಗಳನ್ನೆಲ್ಲ ಸೇರಿಸಿದ. ಮಗನು ತಂದೆಯ ಜೊತೆ ಒಂದೇ ಸತ್ವದವನು ಎಂದು ಅಲ್ಲಿ ತೀರ್ಮಾನವಾಯಿತು. ಒಪ್ಪದ ಆರಿಯಸ್‌ರನ್ನು ಗಡೀಪಾರು ಮಾಡಿದರು.

ನನಗೆ ಆ ತೀರ್ಮಾನಕ್ಕಿಂತ ಈ ಗಡೀಪಾರೇ ದೊಡ್ಡ ತಿರುವು ಅನ್ನಿಸುತ್ತದೆ. ಅಲ್ಲಿಯ ತನಕ ತಪ್ಪು ಬೋಧನೆ ಮಾಡಿದವರನ್ನು ಸಭೆಯಿಂದ ಹೊರಗಿಡುತ್ತಿದ್ದರು, ಅಷ್ಟೇ. ಈಗ ಅದರ ಹಿಂದೆ ಸರ್ಕಾರದ ಕೈ ಬಂತು. ನಂಬಿಕೆಯಲ್ಲಿ ಒಪ್ಪದವನು ರಾಜ್ಯಕ್ಕೂ ಬೇಡದವನಾದ. ಮುಂದಿನ ಸಾವಿರ ವರ್ಷಕ್ಕೂ ಜಾಸ್ತಿ ಕಾಲ ಕ್ರೈಸ್ತರ ಒಡಕುಗಳಿಗೆ ಇಷ್ಟು ರಕ್ತ ಮೆತ್ತಿಕೊಂಡದ್ದು ಈ ನಂಟಿನಿಂದ.

ಆಮೇಲಿನ ಒಡಕು ನಿಜಕ್ಕೂ ಮನಸ್ಸು ಕಲಕುವಂಥದ್ದು. ಯೇಸು ದೇವರೂ ಹೌದು, ಮನುಷ್ಯರೂ ಹೌದು ಅಂತ ಎಲ್ಲರೂ ಒಪ್ಪಿದ್ದರು. ಆದರೆ ಇವೆರಡೂ ಒಬ್ಬರಲ್ಲೇ ಹೇಗೆ ಸೇರಿವೆ? ಕಾನ್‌ಸ್ಟಾಂಟಿನೋಪಲ್‌ನ ಪ್ರಧಾನ ಬಿಷಪ್ ನೆಸ್ಟೋರಿಯಸ್, ಯೇಸುವಿನ ತಾಯಿ ಮರಿಯಮ್ಮನನ್ನು ‘ದೇವರನ್ನು ಹೆತ್ತವಳು’ ಅನ್ನುವುದಕ್ಕಿಂತ ‘ಕ್ರಿಸ್ತನನ್ನು ಹೆತ್ತವಳು’ ಅನ್ನುವುದು ಸರಿ ಎಂದರು. ಅಲೆಕ್ಸಾಂಡ್ರಿಯಾದ ಸಿರಿಲ್ ಅದನ್ನು ಸುತರಾಂ ಒಪ್ಪಲಿಲ್ಲ. 431ರಲ್ಲಿ ಎಫೆಸದಲ್ಲಿ ಸೇರಿದ ಬಿಷಪ್‌ಗಳ ಮಹಾಸಭೆಯಲ್ಲಿ ನೆಸ್ಟೋರಿಯಸ್ ಸೋತರು. ಪರ್ಷಿಯಾದ ಕಡೆಯಿದ್ದ ಪೂರ್ವದ ಸಭೆ ಕ್ರಮೇಣ ಬೇರೆಯಾಯಿತು. ಆ ಸಭೆಯವರು ಚೀನಾದ ತನಕ ನಡೆದುಹೋದರು. 781ರಲ್ಲಿ ಅವರು ನಿಲ್ಲಿಸಿದ ಕಲ್ಲಿನ ಶಾಸನ ಷಿಯಾನ್‌ನಲ್ಲಿ ಇವತ್ತಿಗೂ ಇದೆ.

ಇಪ್ಪತ್ತು ವರ್ಷಗಳ ನಂತರ, 451ರಲ್ಲಿ, ಕ್ಯಾಲ್ಸಿಡನ್‌ನಲ್ಲಿ ಇನ್ನೊಂದು ಮಹಾಸಭೆ. ಒಬ್ಬನೇ ವ್ಯಕ್ತಿ, ಎರಡು ಸ್ವಭಾವ ಎಂದು ಅಲ್ಲಿ ಹೇಳಿದರು. ಈಜಿಪ್ಟಿನವರೂ ಸಿರಿಯಾದ ಎಷ್ಟೋ ಜನರೂ ಒಪ್ಪಲಿಲ್ಲ. ಸಿಕ್ಕು ಇದ್ದದ್ದು ಒಂದು ಪದದಲ್ಲಿ. ಗ್ರೀಕಿನಲ್ಲಿ ‘ಫೈಸಿಸ್’ ಅಂತಾರೆ. ಅದಕ್ಕೆ ಸ್ವಭಾವ ಎಂಬ ಅರ್ಥವಿದೆ, ಜೀವಂತವಾಗಿ ಇರುವ ಒಬ್ಬ ವ್ಯಕ್ತಿ ಎಂಬಂಥ ಅರ್ಥದಲ್ಲೂ ಬಳಸುತ್ತಿದ್ದರು. ಎರಡನೆಯ ಅರ್ಥ ಮನಸ್ಸಿನಲ್ಲಿ ಇಟ್ಟುಕೊಂಡವರಿಗೆ ‘ಎರಡು ಫೈಸಿಸ್’ ಅಂದರೆ ಇಬ್ಬರು ಕ್ರಿಸ್ತರು ಎಂದು ಕೇಳಿಸಿತು. ಅತ್ತ ಕಡೆಯವರಿಗೆ ‘ಒಂದೇ ಫೈಸಿಸ್’ ಅಂದರೆ ಯೇಸು ನಿಜವಾದ ಮನುಷ್ಯನೇ ಅಲ್ಲ ಎಂದು ಕೇಳಿಸಿತು. ಇಬ್ಬರೂ ಹೆಚ್ಚುಕಡಿಮೆ ಒಂದೇ ವಿಷಯವನ್ನು ಕಾಪಾಡಲು ನೋಡುತ್ತಿದ್ದರು! ಅರ್ಮೇನಿಯಾದವರಂತೂ ಆ ಮಹಾಸಭೆಗೆ ಬರಲೇ ಇಲ್ಲ. ಅದೇ ವರ್ಷ ಅವರು ತಮ್ಮ ನಂಬಿಕೆ ಉಳಿಸಿಕೊಳ್ಳಲು ಪರ್ಷಿಯನ್ನರ ಮೇಲೆ ಅವರಾಯರ್‌ನಲ್ಲಿ ಯುದ್ಧ ಮಾಡುತ್ತಿದ್ದರು. ತಾವಿಲ್ಲದೆ ಆದ ತೀರ್ಮಾನವನ್ನು ಅವರು ಮುಂದೆ ಒಪ್ಪಲಿಲ್ಲ. ಆ ಮಹಾಸಭೆ ಕೆಳಗಿಳಿಸಿದ ಅಲೆಕ್ಸಾಂಡ್ರಿಯಾದ ಬಿಷಪ್ ಡಯಾಸ್ಕೊರಸ್ ಈಜಿಪ್ಟಿನವರಿಗೆ ತಮ್ಮ ಮನುಷ್ಯ. ಅವರ ಜಾಗಕ್ಕೆ ತಂದು ಕೂರಿಸಿದ ಬಿಷಪ್‌ರನ್ನು 457ರಲ್ಲಿ ಜನ ಕೊಂದೇಬಿಟ್ಟರು. ರಾಜಧಾನಿ ಕಾನ್‌ಸ್ಟಾಂಟಿನೋಪಲ್‌ನ ಮೇಲಿನ ಸಿಟ್ಟು, ಭಾಷೆಯ ಸಿಟ್ಟು, ದೇವರ ಬಗೆಗಿನ ಕಾಳಜಿ ಎಲ್ಲ ಒಂದರೊಳಗೊಂದು ಬೆರೆತವು. ಕಾಪ್ಟಿಕ್, ಅರ್ಮೇನಿಯನ್, ಇಥಿಯೋಪಿಯನ್, ಸಿರಿಯನ್ ಆರ್ಥೊಡಾಕ್ಸ್ ಸಭೆಗಳು ಇವತ್ತಿಗೂ ಬೇರೆಯಾಗಿಯೇ ಇರುವುದು ಅವತ್ತಿನಿಂದ.

1973ರಲ್ಲಿ ಈಜಿಪ್ಟಿನ ಕಾಪ್ಟಿಕ್ ಸಭೆಯ ಮುಖ್ಯಸ್ಥ ಮೂರನೇ ಶೆನೂಡಾ ಮತ್ತು ಪೋಪ್ ಆರನೇ ಪೌಲ್ ಸೇರಿ ಒಂದು ಹೇಳಿಕೆಗೆ ಸಹಿ ಹಾಕಿದರು. ಕ್ರಿಸ್ತನ ಬಗ್ಗೆ ನಾವು ನಂಬುವುದು ಇದು ಅಂತ ಇಬ್ಬರೂ ಒಂದೇ ಮಾತಿನಲ್ಲಿ ಹೇಳಿದರು. 1994ರಲ್ಲಿ ಪೂರ್ವದ ಅಸ್ಸೀರಿಯನ್ ಸಭೆಯ ಜೊತೆಗೂ ಅಂಥದ್ದೇ ಹೇಳಿಕೆ ಬಂತು. ಒಂದು ಪದದ ಸಿಕ್ಕು ಬಿಡಿಸಲು 1,500 ವರ್ಷ ಬೇಕಾಯಿತು. ಇದನ್ನು ಬರೆಯುವಾಗ ನನಗೆ ಸಂಕಟವೂ ಆಗುತ್ತದೆ, ಸಮಾಧಾನವೂ ಆಗುತ್ತದೆ.

ಪೂರ್ವ ಪಶ್ಚಿಮಗಳ ಒಡಕು, ಅಂದರೆ ಆರ್ಥೊಡಾಕ್ಸ್ ಮತ್ತು ಕ್ಯಾಥೊಲಿಕ್, 1054ರಲ್ಲಿ ಆಯಿತು ಅಂತ ಓದಿರುತ್ತೀರಿ. ಆ ವರ್ಷದ ಜುಲೈ 16ರಂದು ಪೋಪರ ಕಡೆಯ ಕಾರ್ಡಿನಲ್ ಹಂಬರ್ಟ್, ಕಾನ್‌ಸ್ಟಾಂಟಿನೋಪಲ್‌ನ ಹಾಗಿಯಾ ಸೋಫಿಯಾ ಚರ್ಚಿನ ಪೀಠದ ಮೇಲೆ ಬಹಿಷ್ಕಾರದ ಪತ್ರ ಇಟ್ಟು ಹೊರಟುಬಿಟ್ಟರು. ಅಲ್ಲಿನ ಪ್ರಧಾನ ಬಿಷಪ್ ಮೈಕೇಲ್ ಸೆರುಲೇರಿಯಸ್ ತಿರುಗಿ ಬಹಿಷ್ಕಾರ ಹಾಕಿದರು. ಹಂಬರ್ಟ್‌ರನ್ನು ಕಳಿಸಿದ ಪೋಪ್ ಒಂಬತ್ತನೇ ಲಿಯೋ ಆಗಲೇ ತೀರಿಕೊಂಡು ಮೂರು ತಿಂಗಳಾಗಿತ್ತು. ಕಾರಣಗಳು ಹಲವು. ಪೂಜೆಯಲ್ಲಿ ಕೊಡುವ ಪರಮಪ್ರಸಾದಕ್ಕೆ ಹುಳಿ ಹಾಕಿದ ರೊಟ್ಟಿಯೋ, ಹುಳಿ ಇಲ್ಲದ ರೊಟ್ಟಿಯೋ ಎಂಬುದು ಒಂದು. ಪವಿತ್ರಾತ್ಮನು ತಂದೆಯಿಂದ ಹೊರಡುತ್ತಾನೆ ಎಂಬ ವಿಶ್ವಾಸದ ಮಾತಿಗೆ ಪಶ್ಚಿಮದವರು ‘ಮಗನಿಂದಲೂ’ ಎಂದು ಲ್ಯಾಟಿನ್‌ನಲ್ಲಿ ಒಂದೇ ಒಂದು ಪದ ಸೇರಿಸಿದ್ದರು, ಅದು ಇನ್ನೊಂದು. ಆದರೆ ಆ ಪದಕ್ಕಿಂತ ಅದನ್ನು ಕೇಳದೆ ಸೇರಿಸಿದ್ದು ಪೂರ್ವದವರಿಗೆ ಜಾಸ್ತಿ ನೋವು ಕೊಟ್ಟಿತು. ಎಲ್ಲರೂ ಸೇರಿ ಬರೆದದ್ದನ್ನು ಒಬ್ಬರೇ ತಿದ್ದಬಹುದಾ? ಪೇತ್ರನ ಪೀಠದಲ್ಲಿ ಕೂತ ಪೋಪರಿಗೆ ಆ ಅಧಿಕಾರವಿದೆ ಎಂದು ರೋಮ್ ಹೇಳಿತು. ಪೋಪರಿಗೆ ಮೊದಲ ಮರ್ಯಾದೆ ಕೊಡೋಣ, ಆದರೆ ತೀರ್ಮಾನ ಎಲ್ಲ ಬಿಷಪ್‌ಗಳದ್ದು ಎಂದು ಪೂರ್ವ ಹೇಳಿತು. ನೋಡಿ, ಮತ್ತೆ ಅದೇ ಪ್ರಶ್ನೆ.

ಆದರೂ 1054ರಲ್ಲಿ ಹೆಚ್ಚಿನ ಜನಸಾಮಾನ್ಯರಿಗೆ ತಮ್ಮ ಸಭೆ ಎರಡಾಗಿದೆ ಎಂದು ಅನ್ನಿಸಿರಲಿಕ್ಕಿಲ್ಲ. ಮನಸ್ಸು ನಿಜವಾಗಿ ಮುರಿದದ್ದು 1204ರಲ್ಲಿ. ನಾಲ್ಕನೇ ಧರ್ಮಯುದ್ಧಕ್ಕೆ ಹೊರಟ ಪಶ್ಚಿಮದ ಸೈನಿಕರು ಕಾನ್‌ಸ್ಟಾಂಟಿನೋಪಲ್‌ಗೇ ನುಗ್ಗಿ, ಕ್ರೈಸ್ತರೇ ಕ್ರೈಸ್ತರ ಚರ್ಚುಗಳನ್ನು ದೋಚಿದರು. ಬಹಿಷ್ಕಾರದ ಪತ್ರ ಮರೆತುಹೋಗಬಹುದಿತ್ತು. ಇದು ಮರೆಯುವಂಥದ್ದಲ್ಲ.

ಈಗ ಲೂಥರ್. ಇವರು ಹೊಸ ಸಭೆ ಕಟ್ಟಲು ಹೊರಟವರಲ್ಲ. ಜರ್ಮನಿಯ ವಿಟನ್‌ಬರ್ಗ್‌ನಲ್ಲಿ ಪಾಠ ಹೇಳುತ್ತಿದ್ದ ಸನ್ಯಾಸಿ. ಆಗ ಸಭೆಯ ಕಡೆಯವರು ಪಾಪದ ಶಿಕ್ಷೆ ಕಡಿಮೆಯಾಗುತ್ತದೆ ಎಂದು ಹೇಳಿ ದುಡ್ಡಿಗೆ ಪತ್ರ ಮಾರುತ್ತಿದ್ದರು. ಆ ದುಡ್ಡಿನಲ್ಲಿ ಒಂದು ಪಾಲು ರೋಮಿನ ಸಂತ ಪೇತ್ರರ ಮಹಾಲಯ ಕಟ್ಟಲು ಹೋಗುತ್ತಿತ್ತು. ಇದರ ವಿರುದ್ಧ 1517ರ ಅಕ್ಟೋಬರ್ 31ರಂದು ಲೂಥರ್ 95 ವಾದಗಳನ್ನು ಮುಂದಿಟ್ಟರು. ಎಲ್ಲರೂ ಈ ದಿನವನ್ನೇ ಹೇಳುತ್ತಾರೆ. ನನ್ನ ಪ್ರಕಾರ ಎರಡು ವರ್ಷದ ನಂತರ ಲೈಪ್‌ಜಿಗ್‌ನಲ್ಲಿ ನಡೆದ ಚರ್ಚೆ ಇದಕ್ಕಿಂತ ದೊಡ್ಡದು. ಅಲ್ಲಿ ಯೋಹಾನ್ ಎಕ್ ಎಂಬ ಪಂಡಿತರು ಲೂಥರ್‌ರನ್ನು ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿ ಒಂದು ಮೂಲೆಗೆ ತಳ್ಳಿದರು. ಪೋಪ್ ತಪ್ಪಬಹುದು ಅನ್ನುತ್ತೀರಿ, ಸರಿ, ಬಿಷಪ್‌ಗಳ ಮಹಾಸಭೆಯೂ ತಪ್ಪುತ್ತದಾ? ನೂರು ವರ್ಷದ ಹಿಂದೆ, 1415ರಲ್ಲಿ, ಕಾನ್‌ಸ್ಟಾನ್ಸ್‌ನ ಮಹಾಸಭೆ ಬೊಹೀಮಿಯಾದ ಪಾದ್ರಿ ಯಾನ್ ಹುಸ್‌ರನ್ನು ಸುಟ್ಟುಹಾಕಿಸಿತ್ತು. ಹುಸ್ ಹೇಳಿದ್ದರಲ್ಲಿ ಎಷ್ಟೋ ಮಾತು ಸರಿಯಾಗಿಯೇ ಇತ್ತು, ಮಹಾಸಭೆಯೂ ತಪ್ಪಬಹುದು ಎಂದು ಲೂಥರ್ ಒಪ್ಪಿಕೊಂಡರು. ಆ ಕ್ಷಣಕ್ಕೆ ಪೋಪ್, ಮಹಾಸಭೆ ಎರಡೂ ಹೋದವು. ಉಳಿದದ್ದು ಬೈಬಲ್ ಒಂದೇ.

ಹುಸ್‌ರ ಗತಿಯೇ ಲೂಥರ್‌ಗೂ ಬರಬಹುದಿತ್ತು. 1521ರಲ್ಲಿ ಪೋಪ್ ಬಹಿಷ್ಕರಿಸಿದರು, ಚಕ್ರವರ್ತಿ ಅಪರಾಧಿ ಅಂತ ಸಾರಿದ. ಆದರೆ ಸ್ಯಾಕ್ಸನಿಯ ದೊರೆ ಫ್ರೆಡರಿಕ್ ಅವರನ್ನು ವಾರ್ಟ್‌ಬರ್ಗ್ ಕೋಟೆಯಲ್ಲಿ ಅಡಗಿಸಿಟ್ಟ. ಅಲ್ಲಿ ಕೂತು ಲೂಥರ್ ಹೊಸ ಒಡಂಬಡಿಕೆಯನ್ನು ಜನರ ಜರ್ಮನ್ ಭಾಷೆಗೆ ತಂದರು. 1522ರಲ್ಲಿ ಅದು ಅಚ್ಚಾಯಿತು. ಹುಸ್‌ರ ಕಾಲದಲ್ಲಿ ಯೂರೋಪಿನಲ್ಲಿ ಅಚ್ಚಿನ ಯಂತ್ರ ಇರಲಿಲ್ಲ, ಲೂಥರ್‌ರ ಕಾಲದಲ್ಲಿ ಇತ್ತು. ಕಾಪಾಡುವ ದೊರೆ ಮತ್ತು ಅಚ್ಚಿನ ಮನೆ, ಇವೆರಡು ಇಲ್ಲದಿದ್ದರೆ ಪ್ರೊಟೆಸ್ಟಂಟ್ ಎಂಬ ಹೆಸರೂ ಇರುತ್ತಿರಲಿಲ್ಲ.

ಬೈಬಲ್ಲಿನದೇ ಕೊನೆಯ ಮಾತು ಅಂದಾಯಿತು. ಆದರೆ ಇಬ್ಬರು ಓದಿ ಇಬ್ಬರಿಗೂ ಬೇರೆ ಬೇರೆ ಅರ್ಥವಾದರೆ? ಇದಕ್ಕೆ ಜಾಸ್ತಿ ಕಾಯಬೇಕಾಗಲಿಲ್ಲ. 1529ರಲ್ಲಿ ಲೂಥರ್ ಮತ್ತು ಜ್ಯೂರಿಕ್‌ನ ಸುಧಾರಕ ಜ್ವಿಂಗ್ಲಿ ಮಾರ್‌ಬರ್ಗ್‌ನಲ್ಲಿ ಭೇಟಿಯಾದರು. 15 ಅಂಶಗಳಲ್ಲಿ 14ಕ್ಕೆ ಒಪ್ಪಿದರು. ಉಳಿದದ್ದು ಒಂದು. ‘ಇದು ನನ್ನ ದೇಹ’ ಎಂದು ಯೇಸು ರೊಟ್ಟಿ ಕೊಟ್ಟಾಗ ಅದು ನಿಜವಾಗಿ ದೇಹವೋ, ದೇಹದ ಗುರುತೋ? ಲೂಥರ್ ಆ ಮಾತನ್ನು ಸೀಮೆಸುಣ್ಣದಲ್ಲಿ ಮೇಜಿನ ಮೇಲೆ ಬರೆದಿಟ್ಟುಕೊಂಡು ಕೂತರು. ಬಗ್ಗಲಿಲ್ಲ. ಲೂಥರ್ ಕಡೆಯವರು ಲೂಥರನ್, ಜ್ವಿಂಗ್ಲಿ ಕಡೆಯವರು ರಿಫಾರ್ಮ್ಡ್ ಎಂದು ಎರಡು ದಾರಿಯಾಯಿತು.

ಜ್ವಿಂಗ್ಲಿಯವರ ಊರಲ್ಲೇ ಇನ್ನೊಂದು ಗುಂಪು ಎದ್ದಿತ್ತು. ಬೈಬಲ್ಲಿನಲ್ಲಿ ಹಸುಗೂಸಿಗೆ ದೀಕ್ಷಾಸ್ನಾನ (ನೀರಿನಿಂದ ಸಭೆಗೆ ಸೇರಿಸುವ ವಿಧಿ) ಕೊಟ್ಟ ಮಾತು ಎಲ್ಲಿದೆ ಅಂತ ಅವರು ಕೇಳಿದರು. 1525ರ ಜನವರಿಯಲ್ಲಿ ದೊಡ್ಡವರೇ ಒಬ್ಬರಿಗೊಬ್ಬರು ಮತ್ತೆ ದೀಕ್ಷಾಸ್ನಾನ ಕೊಟ್ಟುಕೊಂಡರು. ಅವರಲ್ಲಿ ಫೆಲಿಕ್ಸ್ ಮಾನ್ಸ್ ಒಬ್ಬರು. 1527ರ ಜನವರಿಯಲ್ಲಿ ಅವರನ್ನು ಕೈಕಾಲು ಕಟ್ಟಿ ಲಿಮ್ಮಾಟ್ ನದಿಗೆ ತಳ್ಳಿ ಮುಳುಗಿಸಿದರು. ಕೊಲ್ಲಿಸಿದ್ದು ಪೋಪ್ ಅಲ್ಲ. ಕೆಲವೇ ವರ್ಷದ ಹಿಂದೆ ಬೈಬಲ್ ಸಾಕು ಎಂದು ಹೇಳಿದ್ದ ನಗರಸಭೆ. ಈ ಕಥೆಯನ್ನು ಎಷ್ಟು ಸಲ ಓದಿದರೂ ನನಗೆ ಸುಮ್ನೆ ದಾಟಿಹೋಗಲು ಆಗುವುದಿಲ್ಲ. ನೀವೇ ಓದಿ ನೋಡಿ ಅಂದವರು, ಓದಿ ಬೇರೆ ಉತ್ತರ ತಂದವನನ್ನು ನೀರಿಗೆ ಹಾಕಿದರು. ಮೆನೊನೈಟರು, ಆಮಿಶ್ ಜನ ಈ ಮರುದೀಕ್ಷೆಯವರ ಬಳ್ಳಿಯಿಂದಲೇ ಬಂದವರು.

ಇಂಗ್ಲೆಂಡಿನದು ಬೇರೆ ರೀತಿ. ಎಂಟನೇ ಹೆನ್ರಿಗೆ ಮದುವೆ ರದ್ದಾಗಬೇಕಿತ್ತು. ಪೋಪ್ ಒಪ್ಪಲಿಲ್ಲ, ರಾಣಿ ಕ್ಯಾಥರೀನ್ ಚಕ್ರವರ್ತಿ ಐದನೇ ಚಾರ್ಲ್ಸ್‌ನ ಚಿಕ್ಕಮ್ಮ ಬೇರೆ. 1534ರಲ್ಲಿ ಸಭೆಗೆ ತಲೆ ಅಂದರೆ ರಾಜನೇ ಅಂತ ಕಾನೂನಾಯಿತು. ಅಲ್ಲಿ ಕೊನೆಯ ಮಾತು ಕಿರೀಟದ್ದು. 1555ರಲ್ಲಿ ಜರ್ಮನಿಯಲ್ಲಿ ಆದ ಒಪ್ಪಂದವೂ ಹಾಗೇ. ಯಾರ ನಾಡೋ ಅವರ ಮತ. ದೊರೆ ಲೂಥರನ್ ಆದರೆ ಜನರೂ ಲೂಥರನ್, ಇಲ್ಲದಿದ್ದರೆ ಗಂಟುಮೂಟೆ ಕಟ್ಟಬೇಕು. ಹಾಗಾಗಿ ಹಳೆಯ ಯೂರೋಪಿನಲ್ಲಿ ಯಾರು ಯಾವ ಪಂಗಡ ಅನ್ನುವುದನ್ನು ಎಷ್ಟೋ ಕಡೆ ಅವರ ದೊರೆ ಯಾರು ಅನ್ನುವುದೇ ತೀರ್ಮಾನಿಸಿತು.

ಆಮೇಲೆ ಈ ಬಿಗಿ ಸಡಿಲವಾಯಿತು. ಬ್ಯಾಪ್ಟಿಸ್ಟರು 1609ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಶುರುವಾದವರು, ಇಂಗ್ಲೆಂಡಿನಿಂದ ತಪ್ಪಿಸಿಕೊಂಡು ಹೋಗಿದ್ದವರು. ಮೆಥಡಿಸ್ಟ್ ಚಳವಳಿ ಶುರು ಮಾಡಿದ ಜಾನ್ ವೆಸ್ಲಿ ಸಾಯುವ ತನಕ ತಾನು ಆಂಗ್ಲಿಕನ್, ಅಂದರೆ ಇಂಗ್ಲೆಂಡ್ ಸಭೆಯ, ಪಾದ್ರಿಯೇ ಅಂತ ಹೇಳುತ್ತಿದ್ದರು. ಅಮೆರಿಕದಲ್ಲಿ 1791ರ ಸಂವಿಧಾನ ತಿದ್ದುಪಡಿ, ಒಕ್ಕೂಟ ಸರ್ಕಾರ ಯಾವ ಮತವನ್ನೂ ಸರ್ಕಾರಿ ಮತ ಮಾಡಬಾರದು ಅಂದಿತು. ಇನ್ನು ಹೊಸ ಸಭೆ ಕಟ್ಟಲು ದೊರೆಯ ಅಪ್ಪಣೆ ಬೇಡ. ಹತ್ತು ಜನ ಸೇರಿದರೆ ಸಾಕು. ಪಂಗಡಗಳ ಸಂಖ್ಯೆ ಏರಿದ್ದರ ದೊಡ್ಡ ಕಾರಣ ಇದೇ, ಮತ್ತು ಇದನ್ನು ನಾನು ಕೆಟ್ಟದ್ದು ಅನ್ನಲಾರೆ. ನದಿಗೆ ತಳ್ಳುವುದು ನಿಂತಿತಲ್ಲ.

ಆದರೆ ಎಲ್ಲ ಒಡಕೂ ಬೈಬಲ್ಲಿನ ಅರ್ಥಕ್ಕಾಗಿ ಆಗಲಿಲ್ಲ. 18ನೇ ಶತಮಾನದ ಕೊನೆಯಲ್ಲಿ ಫಿಲಡೆಲ್ಫಿಯಾದ ಒಂದು ಮೆಥಡಿಸ್ಟ್ ಚರ್ಚಿನಲ್ಲಿ ಮೊಣಕಾಲೂರಿ ಪ್ರಾರ್ಥಿಸುತ್ತಿದ್ದ ಕಪ್ಪು ಜನರನ್ನು, ಪ್ರಾರ್ಥನೆ ಮುಗಿಯುವ ತನಕವೂ ಬಿಡದೆ, ಎಬ್ಬಿಸಲು ಬಂದರು. ಅವರು ಎದ್ದು ಹೊರನಡೆದರು. ಅವರಲ್ಲಿದ್ದ ರಿಚರ್ಡ್ ಅಲನ್ 1816ರಲ್ಲಿ ಆಫ್ರಿಕನ್ ಮೆಥಡಿಸ್ಟ್ ಎಪಿಸ್ಕೋಪಲ್ ಸಭೆ ಕಟ್ಟಿದರು. 1844 ಮತ್ತು 1845ರಲ್ಲಿ ಗುಲಾಮಗಿರಿಯ ವಿಷಯಕ್ಕೆ ಮೆಥಡಿಸ್ಟರೂ ಬ್ಯಾಪ್ಟಿಸ್ಟರೂ ಉತ್ತರ ದಕ್ಷಿಣ ಅಂತ ಒಡೆದರು. ದಕ್ಷಿಣದ ಬ್ಯಾಪ್ಟಿಸ್ಟರು ಅದಕ್ಕೆ ಕ್ಷಮೆ ಕೇಳಿದ್ದು 1995ರಲ್ಲಿ. ಪೆಂಟೆಕೋಸ್ಟಲ್ ಚಳವಳಿಗೆ ದೊಡ್ಡ ಬಲ ಸಿಕ್ಕಿದ್ದು 1906ರಲ್ಲಿ ಲಾಸ್ ಏಂಜಲೀಸ್‌ನ ಅಜೂಸಾ ಬೀದಿಯಲ್ಲಿ. ಗುಲಾಮರಾಗಿದ್ದ ತಂದೆ ತಾಯಿಯ ಮಗ ವಿಲಿಯಂ ಸೀಮೂರ್ ಅಲ್ಲಿ ಬೋಧಿಸುತ್ತಿದ್ದರು. ಪವಿತ್ರಾತ್ಮ ಇವತ್ತೂ ನೇರವಾಗಿ ಮಾತಾಡುತ್ತದೆ ಎಂಬುದು ಅವರ ನಂಬಿಕೆ. ಕಪ್ಪು, ಬಿಳಿ ಜನ ಒಟ್ಟಿಗೆ ಕೂತು ಪ್ರಾರ್ಥಿಸಿದರು, ಆ ಕಾಲಕ್ಕೆ ಅದು ಸಣ್ಣ ಮಾತಲ್ಲ. ಕೆಲವೇ ವರ್ಷಗಳಲ್ಲಿ ಅವರೂ ಬಣ್ಣದ ಮೇಲೆ ಬೇರೆ ಬೇರೆಯಾದರು.

ನಿಮ್ಮ ಆ ಇಬ್ಬರು ಗೆಳೆಯರ ‘ಬೇರೆ’ ಇದರಲ್ಲಿ ಎಲ್ಲಿದೆ ಅಂತ ತಿಳಿಯಬೇಕಾದರೆ ಅವರನ್ನು ಮೂರು ವಿಷಯ ಕೇಳಿ. ಸಭೆಯಲ್ಲಿ ಒಂದು ತೀರ್ಮಾನ ಯಾರು ಮಾಡುತ್ತಾರೆ, ದೀಕ್ಷಾಸ್ನಾನ ಯಾವ ವಯಸ್ಸಿಗೆ, ರೊಟ್ಟಿ ಮತ್ತು ದ್ರಾಕ್ಷಾರಸ ಏನಾಗುತ್ತದೆ. ಇಷ್ಟರಲ್ಲೇ ಮುಕ್ಕಾಲು ಪಾಲು ಗೊತ್ತಾಗುತ್ತದೆ.

ಪ್ರಶ್ನೆ: ಕ್ರೈಸ್ತರಲ್ಲಿ 40 ಸಾವಿರಕ್ಕೂ ಹೆಚ್ಚು ಪಂಗಡಗಳಿವೆ ಎಂದು ಎಲ್ಲ ಕಡೆ ಬರೆಯುತ್ತಾರೆ. ನಿಜವೇ?

ಉತ್ತರ: ಆ ಸಂಖ್ಯೆ ಬರುವುದು ಎಣಿಸುವ ರೀತಿಯಿಂದ. ಒಂದೇ ಸಭೆ ನೂರು ದೇಶಗಳಲ್ಲಿ ಇದ್ದರೆ ಆ ಲೆಕ್ಕದಲ್ಲಿ ಅದು ನೂರು. ಯಾರ ಕೈಕೆಳಗೂ ಇಲ್ಲದ ಸ್ವತಂತ್ರ ಸಭೆಗಳ ಜಾಲಗಳೂ ಅದರೊಳಗೆ ಸೇರುತ್ತವೆ. ಇವೆಲ್ಲ ಒಬ್ಬರ ಮೇಲೊಬ್ಬರು ಸಿಟ್ಟಾಗಿ ಒಡೆದವಲ್ಲ. ಒಟ್ಟು ಕ್ರೈಸ್ತರಲ್ಲಿ ಸುಮಾರು ಅರ್ಧದಷ್ಟು ಜನ ಕ್ಯಾಥೊಲಿಕರು, ಅಂದರೆ ಒಂದೇ ಸಭೆಯವರು. ಉಳಿದವರಲ್ಲಿ ಹೆಚ್ಚಿನವರು ಆರ್ಥೊಡಾಕ್ಸ್, ಲೂಥರನ್, ರಿಫಾರ್ಮ್ಡ್, ಆಂಗ್ಲಿಕನ್, ಬ್ಯಾಪ್ಟಿಸ್ಟ್, ಮೆಥಡಿಸ್ಟ್, ಪೆಂಟೆಕೋಸ್ಟಲ್ ಹೀಗೆ ಬೆರಳೆಣಿಕೆಯ ಕುಟುಂಬಗಳಿಗೆ ಸೇರಿದವರು. ನಿಜವಾದ ಒಡಕು ಇದೆ, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಆ 40 ಸಾವಿರದ ಲೆಕ್ಕ ಹೇಳಿ ಯಾರನ್ನೂ ಹೀಯಾಳಿಸಬೇಡಿ.

ಪ್ರಶ್ನೆ: ಇದೆಲ್ಲ ಬರೀ ರಾಜಕೀಯವೇ ಅಲ್ವಾ? ಧರ್ಮದ ಹೆಸರು ನೆಪ ಅಷ್ಟೇ.

ಉತ್ತರ: ಒಪ್ಪುವುದಿಲ್ಲ. ರಷ್ಯಾದಲ್ಲಿ 1650ರ ದಶಕದಲ್ಲಿ ಪ್ರಧಾನ ಬಿಷಪ್ ನಿಕಾನ್ ಪೂಜಾಕ್ರಮ ತಿದ್ದಿದರು. ಶಿಲುಬೆಯ ಗುರುತು ಹಾಕುವಾಗ ಎರಡು ಬೆರಳಿನ ಬದಲು ಮೂರು ಬೆರಳು ಜೋಡಿಸಬೇಕು ಎಂಬುದು ಅದರಲ್ಲಿ ಒಂದು. ಹಳೆಯ ಪದ್ಧತಿ ಬಿಡದವರು ಊರು ಬಿಟ್ಟರು, ಜೈಲಿಗೆ ಹೋದರು. ಅವರ ಮುಂದಾಳು ಅವ್ವಾಕುಮ್‌ರನ್ನು 1682ರಲ್ಲಿ ಸುಟ್ಟರು. ರಾಜನಿಗೆ ಅದು ರಾಜಕೀಯ ಇದ್ದಿರಬಹುದು. ಬೆಂಕಿಗೆ ಹೋದವನಿಗೆ ಏನು ಲಾಭ? ಅಪ್ಪ ಅಮ್ಮ ಕೈಹಿಡಿದು ಕಲಿಸಿದ ಪ್ರಾರ್ಥನೆ ತಪ್ಪು ಅಂದರೆ ಅವರ ಸ್ವರ್ಗವೇ ತಪ್ಪು ಅಂದಹಾಗೆ ಆಗುತ್ತಿತ್ತು. ಎರಡು ಬೆರಳೋ ಮೂರು ಬೆರಳೋ ಅನ್ನುವುದು ಹೊರಗಿನಿಂದ ನೋಡುವವರಿಗೆ ಸಣ್ಣದು. ಅದನ್ನು ಸಣ್ಣದು ಅನ್ನುವ ಹಕ್ಕು ನಮಗಿಲ್ಲ.

ಪ್ರಶ್ನೆ: ಇವರೆಲ್ಲ ಮತ್ತೆ ಯಾವತ್ತಾದರೂ ಒಂದಾಗುತ್ತಾರಾ?

ಉತ್ತರ: ಒಂದು ಕಡೆ ಕಟ್ಟುತ್ತಿದ್ದಾರೆ, ಇನ್ನೊಂದು ಕಡೆ ಬಿರುಕು ಬಿಡುತ್ತಿದೆ. 1910ರಲ್ಲಿ ಎಡಿನ್‌ಬರೋದಲ್ಲಿ ಮಿಷನರಿಗಳ ದೊಡ್ಡ ಸಮ್ಮೇಳನ ನಡೆಯಿತು. ನಮ್ಮ ಜಗಳ ಹೊತ್ತುಕೊಂಡು ಹೋಗಿ ಬೇರೆ ನಾಡಿನವರಿಗೆ ಹಂಚುವುದು ಯಾಕೆ ಎಂಬ ಮಾತು ಅಲ್ಲಿಂದ ಜೋರಾಯಿತು. 1947ರಲ್ಲಿ ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಸಭೆಗಳು ಸೇರಿ ದಕ್ಷಿಣ ಭಾರತ ಸಭೆ ಆಯಿತು. ಬಿಷಪ್ ಇರುವವರೂ ಇಲ್ಲದವರೂ ಒಂದಾದದ್ದು ಜಗತ್ತಿನಲ್ಲಿ ಅದೇ ಮೊದಲು ಅನ್ನುತ್ತಾರೆ. ಮರುವರ್ಷ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಸಭೆಗಳ ಜಾಗತಿಕ ಮಂಡಳಿ ಹುಟ್ಟಿತು. 1965ರಲ್ಲಿ ಪೋಪ್ ಆರನೇ ಪೌಲ್ ಮತ್ತು ಕಾನ್‌ಸ್ಟಾಂಟಿನೋಪಲ್‌ನ ಪ್ರಧಾನ ಬಿಷಪ್ ಅಥೆನಾಗೊರಸ್ ಸೇರಿ 1054ರ ಬಹಿಷ್ಕಾರಗಳನ್ನು ತೆಗೆದುಹಾಕಿದರು. 1999ರ ಅಕ್ಟೋಬರ್ 31ರಂದು, ಲೂಥರ್ 95 ವಾದ ಮುಂದಿಟ್ಟ ಅದೇ ತಾರೀಖಿನಂದು, ಕ್ಯಾಥೊಲಿಕರೂ ಲೂಥರನ್ನರೂ ಔಗ್ಸ್‌ಬರ್ಗ್‌ನಲ್ಲಿ ಒಂದು ಘೋಷಣೆಗೆ ಸಹಿ ಹಾಕಿದರು. ಮನುಷ್ಯ ದೇವರ ಮುಂದೆ ನೀತಿವಂತನಾಗುವುದು ಹೇಗೆ ಎಂಬ ಹಳೆಯ ಜಗಳದ ಮೂಲ ಅಂಶಗಳಲ್ಲಿ ನಾವು ಒಪ್ಪುತ್ತೇವೆ ಅಂದರು.

ಬಿರುಕಿನ ಕಡೆ ನೋಡಿದರೆ, 2018ರಲ್ಲಿ ಉಕ್ರೇನಿನ ಸಭೆಯ ವಿಷಯಕ್ಕೆ ಮಾಸ್ಕೋದ ಆರ್ಥೊಡಾಕ್ಸ್ ಸಭೆ ಕಾನ್‌ಸ್ಟಾಂಟಿನೋಪಲ್ ಜೊತೆ ಸಂಬಂಧ ಕಡಿದುಕೊಂಡಿತು. ಅಮೆರಿಕದ ಯುನೈಟೆಡ್ ಮೆಥಡಿಸ್ಟ್ ಸಭೆಯಿಂದ 2019 ಮತ್ತು 2023ರ ನಡುವೆ ಸುಮಾರು ಕಾಲು ಭಾಗ ಚರ್ಚುಗಳು ಹೊರಬಿದ್ದವು, ಮುಖ್ಯವಾಗಿ ಸಲಿಂಗಿಗಳ ಮದುವೆ ಮತ್ತು ಪಾದ್ರಿ ದೀಕ್ಷೆಯ ಪ್ರಶ್ನೆಗೆ. ಆಡಳಿತ ಒಂದಾಗುವುದು ನನ್ನ ಕಾಲಕ್ಕೆ ಕಾಣುವುದಿಲ್ಲ. ಪೋಪರ ಅಧಿಕಾರದ ಪ್ರಶ್ನೆ ಬಗೆಹರಿಯದೆ ಅದು ಆಗುವುದಿಲ್ಲ. 1870ರಲ್ಲಿ ಪೋಪ್ ಅಧಿಕೃತವಾಗಿ ಬೋಧಿಸುವಾಗ ತಪ್ಪುವುದಿಲ್ಲ ಎಂದು ಮೊದಲನೇ ವ್ಯಾಟಿಕನ್ ಮಹಾಸಭೆ ಹೇಳಿದ ಮೇಲಂತೂ ಆ ಬಾಗಿಲು ಇನ್ನೂ ಭಾರವಾಗಿದೆ. ಆದರೆ ಒಬ್ಬರ ದೀಕ್ಷಾಸ್ನಾನವನ್ನು ಇನ್ನೊಬ್ಬರು ಒಪ್ಪುವುದು, ಒಟ್ಟಿಗೆ ಪ್ರಾರ್ಥಿಸುವುದು ನೂರು ವರ್ಷದ ಹಿಂದೆ ಊಹಿಸಲೂ ಆಗದಷ್ಟು ಮಾಮೂಲಾಗಿದೆ.

ಪ್ರಶ್ನೆ: ನಮ್ಮದು ಕ್ಯಾಥೊಲಿಕ್ ಮನೆ. ಎರಡು ವರ್ಷದಿಂದ ನಾನು ಪೆಂಟೆಕೋಸ್ಟಲ್ ಸಭೆಗೆ ಹೋಗುತ್ತಿದ್ದೇನೆ. ನೀರಿನಲ್ಲಿ ಮುಳುಗಿ ದೀಕ್ಷಾಸ್ನಾನ ತೆಗೆದುಕೊಳ್ಳಬೇಕು ಎಂದು ಪಾಸ್ಟರ್ ಹೇಳುತ್ತಾರೆ. ಅಮ್ಮ ಅಳುತ್ತಿದ್ದಾರೆ, ಮಾತು ಬಿಟ್ಟಿದ್ದಾರೆ. ಒಂದು ದೀಕ್ಷಾಸ್ನಾನಕ್ಕೆ ಇಷ್ಟು ದುಃಖ ಯಾಕೆ ಅಂತ ನನಗೆ ಅರ್ಥವಾಗುತ್ತಿಲ್ಲ.

ಉತ್ತರ: ನಿಮ್ಮ ಮನೆಯಲ್ಲಿ ಈಗ ನಡೆಯುತ್ತಿರುವುದು 1525ರ ಜ್ಯೂರಿಕ್‌ನ ಜಗಳವೇ. ನಿಮ್ಮ ಪಾಸ್ಟರ್ ಹೇಳುವುದು, ನಂಬಿಕೆ ಮೊದಲು, ನೀರು ಆಮೇಲೆ. ಮಗುವಿಗೆ ನಂಬಲು ಬರುವುದಿಲ್ಲ, ಹಾಗಾಗಿ ಅದು ದೀಕ್ಷಾಸ್ನಾನವೇ ಅಲ್ಲ. ಅವರ ಲೆಕ್ಕದಲ್ಲಿ ನೀವು ತೆಗೆದುಕೊಳ್ಳುವುದು ಎರಡನೆಯದಲ್ಲ, ಮೊದಲನೆಯದೇ. ಅಮ್ಮನ ಸಭೆ ಹೇಳುವುದು, ಅದು ದೇವರು ಕೊಡುವ ಕೃಪೆ, ನಮ್ಮ ತಿಳುವಳಿಕೆಗಾಗಿ ಕಾಯುವುದಿಲ್ಲ, ಮತ್ತು ಒಮ್ಮೆ ಕೊಟ್ಟದ್ದು ಅಳಿಸಿಹೋಗುವುದಿಲ್ಲ. ತಂದೆ, ಮಗ, ಪವಿತ್ರಾತ್ಮನ ಹೆಸರಿನಲ್ಲಿ ನೀರಿನಿಂದ ಕೊಟ್ಟದ್ದಾದರೆ ಬೇರೆ ಪಂಗಡದ ದೀಕ್ಷಾಸ್ನಾನವನ್ನೂ ಕ್ಯಾಥೊಲಿಕ್ ಸಭೆ ಸಾಮಾನ್ಯವಾಗಿ ಒಪ್ಪುತ್ತದೆ, ಮತ್ತೆ ಕೊಡುವುದಿಲ್ಲ. ಹಾಗಾಗಿ ನೀವು ಮತ್ತೆ ನೀರಿಗಿಳಿಯುವುದು ಅವರಿಗೆ ಬರೀ ಇನ್ನೊಂದು ವಿಧಿಯಾಗಿ ಕಾಣುವುದಿಲ್ಲ. ನಿನ್ನನ್ನು ಎತ್ತಿಕೊಂಡು ಹೋಗಿ ದೇವರ ಕೈಗೆ ಕೊಟ್ಟೆನಲ್ಲ, ಅದು ಲೆಕ್ಕಕ್ಕೇ ಇಲ್ಲವಾ ಎಂದು ಅವರ ಎದೆಗೆ ತಾಗಿದೆ.

ತೆಗೆದುಕೊಳ್ಳಿ ಅಂತಲೂ, ಬೇಡ ಅಂತಲೂ ನಾನು ಹೇಳುವುದಿಲ್ಲ. ಅದು ನಿಮ್ಮ ಮನಸ್ಸಾಕ್ಷಿಗೆ ಬಿಟ್ಟದ್ದು. ಆದರೆ ತಾರೀಖು ಗೊತ್ತು ಮಾಡಬೇಡಿ, ಸ್ವಲ್ಪ ತಡೆಯಿರಿ. ಪಾಸ್ಟರ್ ಹತ್ತಿರ ಹೋಗಿ ನೇರವಾಗಿ ಕೇಳಿ, ಬಾಲ್ಯದ ದೀಕ್ಷಾಸ್ನಾನದ ಜೊತೆಗೇ ನನ್ನನ್ನು ಸದಸ್ಯನಾಗಿ ಒಪ್ಪುತ್ತೀರಾ ಎಂದು. ಕೆಲವು ಸಭೆಗಳು ಒಪ್ಪುತ್ತವೆ, ಕೆಲವು ಒಪ್ಪುವುದಿಲ್ಲ. ಅಮ್ಮನ ಹತ್ತಿರ ಬೈಬಲ್ ವಚನ ಹಿಡಿದುಕೊಂಡು ವಾದಕ್ಕೆ ಹೋಗಬೇಡಿ. ನನ್ನ ದೀಕ್ಷಾಸ್ನಾನದ ದಿನ ಹೇಗಿತ್ತಮ್ಮ, ಯಾರು ಎತ್ತಿಕೊಂಡಿದ್ದರು, ನಾನು ಅತ್ತೆನಾ ಅಂತ ಕೇಳಿ. ಅವರು ಹೇಳುವುದನ್ನು ಪೂರ್ತಿ ಕೇಳಿಸಿಕೊಳ್ಳಿ. ಆಮೇಲೆ ಈ ಎರಡು ವರ್ಷ ನಿಮಗೆ ಏನು ಸಿಕ್ಕಿತು ಅನ್ನುವುದನ್ನು ಹೇಳಿ. ಏನಾಯಿತು ಅಂತ ನನಗೆ ಬರೆಯಿರಿ.